ವರದಿ ಪುಸ್ತಕದ ನಾಲ್ಕನೇ ಕಾಲಂ

ಆ ಎರಡು ವಾಕ್ಯಗಳು ನನಗೆ ಇಂದಿಗೂ ಬಾಯಿಪಾಠ ಬರುತ್ತವೆ. "ಇಂದು ಮೇಲ್ವಿಚಾರಕರು ಆ ತಾಯಿಯ ಮೇಲೆ ಸಿಟ್ಟಾದರು. ಅವರಿಗೆ ಭಯವಾಗಿದೆ ಎಂದು ನನಗೆ ಅನಿಸಿತು." ನೀಲಿ ಶಾಯಿ, ದುಂಡನೆಯ ಅಕ್ಷರ, ಒಂದೂ ಚಿತ್ತು ಕಾಟು ಇಲ್ಲ. ಮೇಲ್ವಿಚಾರಕ ಎಂದರೆ ನಾನು. ಬರೆದವಳು ಇಪ್ಪತ್ತೆರಡು ವರ್ಷದ ಒಬ್ಬ ವಿದ್ಯಾರ್ಥಿನಿ. ಆ ಪುಟವನ್ನು ಓದಿ ಕೆಳಗೆ ನಾನು ಸಹಿ ಹಾಕಬೇಕಾಗಿತ್ತು. ಹಾಕದಿದ್ದರೆ ಅವಳು ಮಾಡಿದ ಕೆಲಸಕ್ಕೆ ಅವಳ ವಿಭಾಗದಲ್ಲಿ ಬೆಲೆ ಇರುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ಸೇವೆಗೆ ಸೇರಿದ ನಾನು ನಿವೃತ್ತನಾಗುವ ತನಕ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳನ್ನು ಬಿಟ್ಟು ಹೋಗಲಿಲ್ಲ. ಸರ್ಕಾರಿ ದವಾಖಾನೆಗಳಲ್ಲಿ ಕ್ಷಯರೋಗಿಗಳ ಕಾರ್ಡುಗಳನ್ನು ಇಟ್ಟುಕೊಂಡು ಅವರಿಗೆ ಗುಳಿಗೆ ಹಂಚುವುದು ನನ್ನ ಕೆಲಸವಾಗಿತ್ತು. ಈ ಘಟನೆ ಮೂರರಲ್ಲಿ ಯಾವ ಊರಿನಲ್ಲಿ ನಡೆಯಿತೆಂದು ಹೇಳುವುದಿಲ್ಲ. ಇದರಲ್ಲಿ ಬರುವ ಸೊಸೆ ಈಗ ಅಜ್ಜಿಯಾಗಿದ್ದಾಳೆ. ಅವಳ ರೋಗದ ಸುದ್ದಿಯನ್ನು ನಾನು ಒಮ್ಮೆ ಊರಿಗೆಲ್ಲ ಹಂಚಿದ್ದು ಸಾಕು.

ಹೇಗೆ ಹಂಚಿದೆ ಎಂಬುದನ್ನು ಮೊದಲು ಹೇಳಬೇಕು. ಪ್ರತಿ ರೋಗಿಗೆ ಒಂದು ಕಾರ್ಡು ಇರುತ್ತಿತ್ತು. ಅದರ ಮೇಲೆ ಹೆಸರು, ಊರು, ಗುಳಿಗೆ ಒಯ್ದ ದಿನ, ಮುಂದೆ ಬರಬೇಕಾದ ದಿನ, ಒಯ್ದದ್ದಕ್ಕೆ ಸಹಿ ಅಥವಾ ಹೆಬ್ಬೆಟ್ಟು. ಉದ್ದನೆಯ ಕಟ್ಟಿಗೆ ಪೆಟ್ಟಿಗೆಯಲ್ಲಿ ಆ ಕಾರ್ಡುಗಳನ್ನು ಬರಬೇಕಾದ ದಿನದ ಪ್ರಕಾರ ನಿಲ್ಲಿಸಿಡುತ್ತಿದ್ದೆ. ಸಂಜೆ ಪೆಟ್ಟಿಗೆಯಲ್ಲಿ ಅಂದಿನ ಕಾರ್ಡು ಉಳಿದಿದ್ದರೆ ಆ ರೋಗಿ ಬಂದಿಲ್ಲ ಎಂದು ಅರ್ಥ. ಗುಳಿಗೆಯನ್ನು ಒಂದೂವರೆ ವರ್ಷ ನುಂಗಬೇಕಾಗಿದ್ದ ಕಾಲ ಅದು. ಮೂರು ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಂಡ ಕೂಡಲೇ ಜನ ಬರುವುದನ್ನು ಬಿಡುತ್ತಿದ್ದರು. ಹಾಗೆ ಬಿಟ್ಟವರು ಮತ್ತೆ ಹಾಸಿಗೆ ಹಿಡಿದರೆ ಅದೇ ಗುಳಿಗೆ ಎರಡನೆಯ ಸಲ ಎಷ್ಟೋ ಜನರಿಗೆ ನಾಟುತ್ತಿರಲಿಲ್ಲ. ಹಲವರು ಸಾಯುತ್ತಿದ್ದರು. ಅದಕ್ಕಾಗಿ ಬಾರದವರ ಮನೆಗೆ ಪೋಸ್ಟ್ ಕಾರ್ಡು ಬರೆಯಬೇಕೆಂಬ ನಿಯಮವಿತ್ತು.

ಆ ನಿಯಮವನ್ನು ನನ್ನಷ್ಟು ನಿಷ್ಠೆಯಿಂದ ಪಾಲಿಸಿದವರು ಜಿಲ್ಲೆಯಲ್ಲಿ ಇರಲಿಲ್ಲ. "ತಾವು ಕ್ಷಯರೋಗದ ಗುಳಿಗೆ ಒಯ್ಯಲು ಬಂದಿರುವುದಿಲ್ಲ. ಕೂಡಲೇ ಬರತಕ್ಕದ್ದು" ಎಂದು ಮೊದಲನೆಯದನ್ನು ನೀಲಿ ಶಾಯಿಯಲ್ಲಿ ಬರೆಯುತ್ತಿದ್ದೆ. ಎಂಟು ದಿನದಲ್ಲಿ ಉತ್ತರವಿಲ್ಲದಿದ್ದರೆ ಎರಡನೆಯದನ್ನು ಕೆಂಪು ಶಾಯಿಯಲ್ಲಿ ಬರೆದು, ರೋಗದ ಹೆಸರಿನ ಕೆಳಗೆ ಗೆರೆ ಎಳೆಯುತ್ತಿದ್ದೆ. ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಉಳಿದ ದವಾಖಾನೆಗಳವರು ನನ್ನನ್ನು ನೋಡಿ ಕಲಿಯಲಿ ಎಂದಿದ್ದರು. ಈ ಘಟನೆಯ ತನಕದ ಹನ್ನೊಂದು ವರ್ಷದ ನೌಕರಿಯಲ್ಲಿ ಬಾಯಿಬಿಟ್ಟು ನನ್ನನ್ನು ಹೊಗಳಿದವರು ಅವರೊಬ್ಬರೇ.

ಉಳಿದವರು ಹೇಗೆ ನಡೆಸಿಕೊಂಡರು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಈ ಮೂರು ಊರುಗಳಲ್ಲಿ ಒಂದರಲ್ಲಿ ನೌಕರರೆಲ್ಲ ಕೂಡಿ ಚಹ ಕುಡಿಯುತ್ತಿದ್ದೆವು. ನನಗೆ ಪ್ರತಿದಿನ ಅದೇ ಕಪ್ಪು ಬರುವುದನ್ನು ಎರಡನೆಯ ತಿಂಗಳಲ್ಲಿ ಗಮನಿಸಿ ಬೋರಲು ಹಾಕಿ ನೋಡಿದೆ. ತಳದಲ್ಲಿ ಹಸಿರು ಬಣ್ಣದ ಒಂದು ಬೊಟ್ಟು ಇತ್ತು. ಕ್ಷಯರೋಗಿಗಳ ನಡುವೆ ಕೂರುವವನ ಕಪ್ಪು ಉಳಿದವುಗಳಲ್ಲಿ ಬೆರೆಯಬಾರದೆಂದು ಹಾಕಿದ ಗುರುತು ಅದು. ಬಣ್ಣ ಹಚ್ಚಿದವನು ಯಾರೆಂದು ನನಗೆ ಗೊತ್ತು. ಎಷ್ಟೋ ವರ್ಷದ ಮೇಲೆ ಅವನ ಮಗನ ಮದುವೆಗೂ ನಾನು ಹೋಗಲಿಲ್ಲ, ಯಾಕೆ ಬರಲಿಲ್ಲವೆಂದು ಅವನು ಕೇಳಲೂ ಇಲ್ಲ. ಆ ಬೊಟ್ಟು ಕಂಡ ದಿನದಿಂದ ದವಾಖಾನೆಯಲ್ಲಿ ಚಹ ಕುಡಿಯುವುದನ್ನು ಬಿಟ್ಟೆ.

ಎಂಬತ್ತರ ದಶಕದ ನಡುವಿನ ಒಂದು ವರ್ಷ, ಜಿಲ್ಲಾ ಕೇಂದ್ರದಲ್ಲಿ ಸಮಾಜಕಾರ್ಯದಲ್ಲಿ ಎಂ.ಎ. ಓದುತ್ತಿದ್ದ ವಿದ್ಯಾರ್ಥಿಗಳನ್ನು ಅನುಭವಕ್ಕಾಗಿ ತಾಲೂಕು ದವಾಖಾನೆಗಳಿಗೆ ಕಳಿಸಿದರು. ಅವರ ಭಾಷೆಯಲ್ಲಿ ಅದು ಕ್ಷೇತ್ರಕಾರ್ಯ. ಈಗಿನವರು ಇಂಟರ್ನ್‌ಶಿಪ್ ಎನ್ನುತ್ತಾರೆ. ನಮ್ಮ ವೈದ್ಯರು ಆ ಪತ್ರವನ್ನು ಓದದೆ ನನ್ನ ಕಡೆಗೆ ದಾಟಿಸಿ, ನೀವೇ ನೋಡಿಕೊಳ್ಳಿ ಎಂದರು. ಪತ್ರದಲ್ಲಿ ನನ್ನನ್ನು ಗುಮಾಸ್ತ ಎಂದು ಬರೆದಿದ್ದರು. ನನ್ನ ಹುದ್ದೆ ಅದಲ್ಲ. ತಿದ್ದಿ ಹಿಂದಕ್ಕೆ ಕಳಿಸಿದೆ. ಎರಡನೆಯ ಪತ್ರ ಸರಿಯಾಗಿ ಬಂತು.

ಆ ಎರಡನೆಯ ಪತ್ರವನ್ನು ಹಿಡಿದುಕೊಂಡು ಬಂದವಳೇ ಅವಳು. ಆಳಂದ ತಾಲೂಕಿನ ಗಡಿಯವಳು; ಹಿರೋಳ್ಳಿಯ ಆಚೆ ನಾಲ್ಕು ಹೊಲ ದಾಟಿದರೆ ಮಹಾರಾಷ್ಟ್ರ ಎನ್ನುವಂಥ ಸೀಮೆ. ಒಕ್ಕಲುತನದ ಮನೆಯಿಂದ ಅಷ್ಟು ದೂರ ಓದಲು ಬಂದ ಮೊದಲನೆಯವಳು. ವಾರಕ್ಕೆ ಎರಡು ದಿನ, ಬುಧವಾರ ಮತ್ತು ಶುಕ್ರವಾರ, ಮುಂಜಾನೆಯ ಬಸ್ಸಿಗೆ ಬರುತ್ತಿದ್ದಳು. ಕೈಯಲ್ಲಿ ರೊಟ್ಟಿಯ ಡಬ್ಬಿ, ಕಂಕುಳಲ್ಲಿ ಉದ್ದನೆಯ ಒಂದು ವರದಿ ಪುಸ್ತಕ. ಅದರ ಪುಟಗಳಲ್ಲಿ ನಾಲ್ಕು ಕಾಲಂ ಹಾಕಿದ್ದರು. ದಿನಾಂಕ, ಮಾಡಿದ ಕೆಲಸ, ನಡೆದ ಮಾತುಕತೆ ಎಂಬ ಮೂರು ನನಗೆ ಅರ್ಥವಾದವು.

"ಈ ನಾಲ್ಕನೇದ್ದು ಏನಿದು?" ಎಂದು ಕೇಳಿದೆ.

"ನನ್ನ ಭಾವನೆಗಳು ಅಂತ್ರಿ ಸರ್. ಕೆಲಸ ಮಾಡುವಾಗ ಮನಸಿಗೆ ಏನ್ ಅನಿಸ್ತು ಅದನ್ನ ಬರೀಬೇಕು."

"ದವಾಖಾನಿ ಕಾಗದದಾಗ ಭಾವನಾ ಬರಿಯಾಕ ಜಾಗಾ ಇರಂಗಿಲ್ಲ."

"ಇದು ದವಾಖಾನೀದಲ್ರಿ ಸರ್, ನಮ್ಮ ಮೇಡಂ ಹಾಕಿಸಿದ ಗೆರಿ. ಖಾಲಿ ಬಿಟ್ರ ಸಿಟ್ಟಿಗೇಳತಾರ."

"ಹಂಗಾರ ಇವತ್ತ ಏನ್ ಬರೀತಿ?"

"ಹೊಸಾ ಜಾಗಾ, ಸರ್ ಜಬರ್ದಸ್ತ್ ಅದಾರ, ಅಂಜಿಕಿ ಬಂತು ಅಂತ ಬರೀತೇನ್ರಿ."

ಹಾಗೆಯೇ ಬರೆದಳು. ನಾನು ಸಹಿ ಹಾಕಿದೆ. ಆ ದಿನದ ಸಹಿಗೆ ನನಗೆ ಕಷ್ಟವಾಗಲಿಲ್ಲ.

ಮೊದಲ ವಾರಗಳಲ್ಲಿ ಅವಳು ಕೆಲಸಗಳ್ಳಿ ಎಂದು ತಿಳಿದಿದ್ದೆ. ನನ್ನ ಮೇಜಿಗೂ ರೋಗಿಗಳಿಗೂ ನಡುವೆ ಒಂದು ಬೆಂಚನ್ನು ಅಡ್ಡ ಇಡಿಸಿದ್ದೆ. ಅವಳಿಗಾಗಿ ಮೇಜಿನ ಈ ಕಡೆ ಕುರ್ಚಿ ಹಾಕಿಸಿದರೂ ಅವಳು ಹೋಗಿ ಆ ಬೆಂಚಿನ ಮೇಲೆ ರೋಗಿಗಳ ನಡುವೆ ಕೂರುತ್ತಿದ್ದಳು.

"ಬೆಂಚಿನ ಮ್ಯಾಲ ಕುಂತು ಹರಟಿ ಹೊಡಿಯಾಕ ಎಂ.ಎ. ಬೇಕೇನವ್ವಾ?" ಎಂದೆ.

"ಮೇಜಿನ ಆ ಕಡಿಂದ ಕೇಳಿದ್ರ ಹೆಸರು, ಊರು ಅಷ್ಟ ಹೇಳತಾರ್ರಿ ಸರ್. ಬಾಜೂಕ ಕುಂತ್ರ ಉಳಿದಿದ್ದು ತಾವೇ ಹೇಳತಾರ."

ಅವಳ ಕಣ್ಣು ಮಾತ್ರ ನನ್ನಷ್ಟೇ ಚುರುಕು ಎಂಬುದು ಬೇಗ ಗೊತ್ತಾಯಿತು. ಒಂದು ಶುಕ್ರವಾರ ಪೆಟ್ಟಿಗೆಯ ಕಾರ್ಡುಗಳನ್ನು ಒಂದೊಂದಾಗಿ ನೋಡಿ ಹೇಳಿದಳು: "ಸರ್, ನಿಮ್ಮ ಬರವಣಿಗ್ಯಾಗ ಒಂದು ಕಾಟು ಇಲ್ಲ. ಹೆಬ್ಬೆಟ್ಟು ಮಾತ್ರ ಎಲ್ಲಾ ಕಲಸ್ಯಾವಲ್ರಿ."

ಬೇರೆ ಕಚೇರಿಗಳಲ್ಲಿ ಒತ್ತಿಸಿಕೊಳ್ಳುವವರು ಜನರ ಹೆಬ್ಬೆರಳನ್ನು ಹಿಡಿದು, ಮಸಿಯಲ್ಲಿ ಹೊರಳಿಸಿ, ಕಾಗದಕ್ಕೆ ಒತ್ತುತ್ತಾರೆ. ನಾನು ಮಸಿಯ ಡಬ್ಬಿಯನ್ನೂ ಕಾರ್ಡನ್ನೂ ಫೂಟುಪಟ್ಟಿಯಿಂದ ಮುಂದಕ್ಕೆ ನೂಕಿ, ಒತ್ತು ಎಂದು ದೂರದಿಂದ ಹೇಳುತ್ತಿದ್ದೆ. ಹಾಗೆ ಒತ್ತಿದ್ದು ಕಲಸದೆ ಇನ್ನೇನಾದೀತು?

ಅವಳ ಅಕ್ಷರ ಚೆನ್ನಾಗಿದೆಯೆಂದು ಪೋಸ್ಟ್ ಕಾರ್ಡು ಬರೆಯುವ ಕೆಲಸ ಒಪ್ಪಿಸಿದೆ. ಐದಾರು ಬರೆದವಳು ಪೆನ್ನು ಇಟ್ಟಳು.

"ಸರ್, ಇವನ್ನ ಯಾರು ಓದತಾರ್ರಿ?"

"ಯಾರ ಹೆಸರಿಗೆ ಬರದೇವಿ ಅವರು."

"ಇವರೆಲ್ಲಾ ಹೆಬ್ಬೆಟ್ಟು ಒತ್ತಿದವರು ಅದಾರಲ್ರಿ. ಇವರಿಗೆ ಓದಾಕ ಬರಂಗಿಲ್ಲ. ಮತ್ತ್ಯಾರೋ ಓದಿ ಹೇಳತಾರ."

ಹನ್ನೊಂದು ವರ್ಷ ನಾನು ಕಾರ್ಡಿನ ಒಂದು ಮಗ್ಗುಲಿಗೆ ಹೆಬ್ಬೆಟ್ಟು ತೆಗೆದುಕೊಂಡು, ಇನ್ನೊಂದು ಮಗ್ಗುಲಿನ ವಿಳಾಸ ನೋಡಿ ಪತ್ರ ಬರೆದಿದ್ದೆ. ಎರಡು ಮಗ್ಗುಲನ್ನೂ ಒಟ್ಟಿಗೆ ನೋಡಿದವಳು ಅವಳು. "ನಿಯಮ ಅದ, ಬರಿ" ಎಂದೆ. ಅವಳು ಬರೆದಳು. ಅಂದಿನ ವರದಿಯ ನಾಲ್ಕನೇ ಕಾಲಂನಲ್ಲಿ "ಕೈ ಭಾರವಾಯಿತು" ಎಂದಿತ್ತು. ಅದಕ್ಕೂ ಸಹಿ ಹಾಕಿದೆ, ಸ್ವಲ್ಪ ಒತ್ತಿ.

ಅದಾದ ಮೇಲೆ ಒಂದು ಬುಧವಾರ ಅರವತ್ತರ ಹತ್ತಿರದ ಒಬ್ಬ ಹೆಣ್ಣುಮಗಳು ಬಂದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ಕೆಂಪು ಶಾಯಿಯಲ್ಲಿ ನಾನು ಬರೆದ ಪೋಸ್ಟ್ ಕಾರ್ಡು. ಅದನ್ನು ಬೆಂಚಿನ ಆಚೆಯಿಂದ ನನ್ನ ಮೇಜಿಗೆ ಎಸೆದಳು.

"ಇದನ್ನ ಬರದಾವ್ರು ಯಾರ್ರಿ?"

ಹೆಸರು ಓದಿದೆ. ಹತ್ತೊಂಬತ್ತು ವರ್ಷದ ಸೊಸೆಯ ಹೆಸರು. ಮಳೆಗಾಲದ ಮೊದಲಿನಿಂದ ನಾಲ್ಕು ತಿಂಗಳು ಒಂದು ಸಲವೂ ತಪ್ಪದೆ ಬಂದವಳು. ಒಮ್ಮೆ ಸೆರಗಿನಲ್ಲಿ ಹಸಿ ಹೆಸರುಕಾಯಿ ಕಟ್ಟಿಕೊಂಡು ಬಂದು ನನಗೆಂದು ಬೆಂಚಿನ ಮೇಲೆ ಸುರಿದಿದ್ದಳು. ಅವಳು ಅತ್ತ ಹೋದ ಮೇಲೆ ಅವನ್ನು ಜವಾನನಿಗೆ ಒಯ್ಯಲು ಹೇಳಿದ್ದೆ. ಆಮೇಲೆ ಬರುವುದು ನಿಂತಿತ್ತು. ಈಗ ಎರಡು ತಿಂಗಳ ಮೇಲಾಗಿತ್ತು.

"ನಾನೇ ಬರದೇನಿ. ನಿಮ್ಮ ಸೊಸಿ ಗುಳಿಗಿ ಒಯ್ಯಾಕ ಬರ್ಲಿಲ್ಲ. ಬರೀದೆ ಏನ್ ಮಾಡ್ಲಿ?"

"ಆಕಿ ಗುಳಿಗಿ ಹಿಟ್ಟಿನ ಡಬ್ಬಿ ಹಿಂದ ಇಟ್ಟು ನುಂಗತಿದ್ಲು. ನನಗೂ ನನ್ನ ಮಗನಿಗೂ ಬಿಟ್ರ ಯಾರಿಗೂ ಗೊತ್ತಿರ್ಲಿಲ್ಲ. ರಾಶಿ ಕಾಲ, ಎಂಟು ದಿನ ತಡಾ ಆತು. ಬರಾಕಿ ಇದ್ಲು. ಅಷ್ಟ್ರಾಗ ನಿಮ್ಮ ಕಾರ್ಡು ಬಂತು. ಕಿರಾಣಿ ಅಂಗಡ್ಯಾಂವ ಓದ್ಯಾನ್ರಿ, ಉಪ್ಪು ಒಯ್ಯಾಕ ಬಂದ ಮಂದಿ ಮುಂದ. ಅದು ಸಾಲದಂತ ಮತ್ತೊಂದು ಕೆಂಪು ಅಕ್ಷರದಾಗ."

ಅವಳು ಮುಂದುವರಿಸಿದಳು: "ಈಗ ನಮ್ಮನಿ ಮಜ್ಜಿಗಿ ಯಾರೂ ಒಯ್ಯಂಗಿಲ್ಲ. ಬಾವ್ಯಾಗ ನಾ ಹಗ್ಗ ಬಿಟ್ರ ಉಳದವರು ಸರದು ನಿಲ್ತಾರ. ಸೊಸಿ ತೌರಮನಿಗೆ ಹೋಗಿ ಕುಂತಾಳ. ಗುಳಿಗಿ ಮುಟ್ಟಂಗಿಲ್ಲ ಅಂತಾಳ. ನುಂಗಿದ್ರ ಅಂಗಡ್ಯಾಂವ ಓದಿದ್ದು ಖರೆ ಆಗ್ತದಂತ. ಮತ್ತ ಕೆಮ್ಮು ಹತ್ಯಾದ್ರಿ ಆಕಿಗೆ."

ಮತ್ತೆ ಕೆಮ್ಮು ಎಂದರೆ ಏನೆಂದು ನನಗೆ ಗೊತ್ತಿತ್ತು. ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಹೇಳಿದೆ: "ಉಂಡ್ರ, ನೀರು ಕುಡದ್ರ ಈ ಬ್ಯಾನಿ ಹತ್ತಂಗಿಲ್ಲ. ನಿಮ್ಮ ಊರವರಿಗೆ ಅದನ್ನ ತಿಳಿಸಿ ಹೇಳ್ರಿ."

"ನೀವು ಉಂತೀರೇನ್ರಿ?"

"ಏನು?"

"ನಮ್ಮ ಸೊಸಿ ಕೈಲೆ ನೀಡಿದ್ದು ನೀವು ಉಂತೀರೇನ್ರಿ ಸಾಹೇಬ್ರ? ನೀವು ಉಣ್ಣೋದು ಊರವರು ಕಣ್ಣಿಲೆ ನೋಡಿದ್ರ ನಾ ಆಕಿನ್ನ ಬರೋ ಬುಧವಾರ ಇಲ್ಲಿ ತಂದು ನಿಲ್ಲಸ್ತೇನಿ. ಆಕಿನೂ ಬರ್ತಾಳ."

ಆಗ ನಾನು ಎದ್ದು ನಿಂತು ಕೂಗಾಡಿದೆ. ಇದು ಸರ್ಕಾರಿ ಜಾಗ, ಮನೆ ಮನೆ ತಿರುಗಿ ಉಣ್ಣುವುದು ನನ್ನ ನೌಕರಿಯಲ್ಲ, ಕಾರ್ಡು ಎಸೆಯುವುದು ಅಪರಾಧ, ಇನ್ನೂ ಏನೇನೋ. ಬೆಂಚಿನ ಮೇಲಿನ ರೋಗಿಗಳೆಲ್ಲ ತಲೆ ತಗ್ಗಿಸಿದರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ವಿದ್ಯಾರ್ಥಿನಿ ಆ ಹೆಣ್ಣುಮಗಳ ಕೈ ಹಿಡಿದು ಕೂರಿಸಿ ಕೇಳಿದಳು: "ಆಯಿ, ಮುಂಜಾಲಿಂದ ಏನರೆ ಉಂಡೀರೇನ್ರಿ?"

ಉಂಡಿರಲಿಲ್ಲ. ಇವಳು ತನ್ನ ಡಬ್ಬಿ ಬಿಚ್ಚಿದಳು. ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು. ಅತ್ತೆಯ ದನಿ ಇಳಿಯಿತು. ಸೊಸೆ ಹೇಗೆ ನಗುತ್ತಿದ್ದಳು, ಅವಳಿಲ್ಲದೆ ಮನೆ ಹೇಗೆ ಬಣಗುಡುತ್ತಿದೆ ಎಂದು ಹೇಳಿ ಕಣ್ಣು ಒರೆಸಿಕೊಂಡಳು. ಕೊನೆಗೆ ವಿದ್ಯಾರ್ಥಿನಿ ಹೇಳಿದ ಮಾತು ನನ್ನ ಕಿವಿಗೆ ಬಿತ್ತು.

"ಬರೋ ಸೋಮವಾರ ಎಳ್ಳಮಾಸಿ ಅದಲ್ರಿ ಆಯಿ. ಸೊಸೀನ್ನ ಹೊಲಕ್ಕ ಕರಸ್ರಿ. ನಾವು ಬರ್ತೇವಿ."

ನಮ್ಮ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ಊರೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಎಡೆ ಮಾಡಿ, ಎಡೆಯ ಅಡುಗೆಯನ್ನು ಚರಗವೆಂದು ಬೆಳೆಯ ನಡುವೆ ಚೆಲ್ಲಿ, ಬದುವಿನ ಮೇಲೆ ಹೋಗುವವರನ್ನೆಲ್ಲ ಕರೆದು ಉಣ್ಣಿಸುತ್ತಾರೆ. ಅಂದು ಯಾರ ಹೊಲದಲ್ಲಿ ಯಾರು ಉಂಡರೂ ಯಾಕೆಂದು ಕೇಳುವವರಿಲ್ಲ. ಉಂಡದ್ದನ್ನು ಸುತ್ತಲಿನ ಹೊಲದವರೆಲ್ಲ ನೋಡುತ್ತಾರೆ. ಹುಡುಗಿ ದಿನವನ್ನು ಚೆನ್ನಾಗಿ ಆರಿಸಿದ್ದಳು. ನನಗೆ ಉರಿದದ್ದು "ನಾವು" ಎಂದದ್ದಕ್ಕೆ. ನನ್ನನ್ನು ಕೇಳದೆ, ನನ್ನ ಎದುರಿಗೇ, ನನ್ನನ್ನೂ ಸೇರಿಸಿ ಮಾತು ಕೊಟ್ಟಿದ್ದಳು.

ಶುಕ್ರವಾರ ಅವಳು ವರದಿ ಪುಸ್ತಕ ತೆರೆದು ಮುಂದಿಟ್ಟಳು. ಮೊದಲು ಹೇಳಿದ ಆ ಎರಡು ವಾಕ್ಯಗಳು ಪುಟದ ಕೊನೆಯಲ್ಲಿದ್ದವು.

"ಇದನ್ನ ಹೊಡದು ಹಾಕು" ಎಂದೆ.

"ಬ್ಯಾರೆ ಏನಿದ್ರೂ ತಿದ್ದತೇನ್ರಿ ಸರ್. ಅದು ನನಗ ಅನಿಸಿದ್ದು. ಅನಿಸಿಲ್ಲ ಅಂತ ಹ್ಯಾಂಗ ಬರೀಲಿ?"

"ಹಂಗಾರ ಸಹಿ ಆಗಂಗಿಲ್ಲ."

ಸಹಿ ಇಲ್ಲದಿದ್ದರೆ ಅವಳು ವರ್ಷವನ್ನೇ ಕಳೆದುಕೊಳ್ಳಬಹುದಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳ ಕಣ್ಣು ತುಂಬಿದವು, ದನಿ ಏರಲಿಲ್ಲ. "ಆಗಲ್ರಿ ಸರ್. ಆಯಿಗೆ ಬರ್ತೇವಿ ಅಂದೇನಿ, ನೀವು ಬರದಿದ್ರ ನಾ ಒಬ್ಬಾಕೀನ ಹೋಗ್ತೇನಿ. ಆದ್ರ ನಾ ಉಂಡ್ರ ಯಾರ್ ನಂಬತಾರ್ರಿ? ನಾ ಕಲಿಯಾಕಿ. ನೀವು ಉಂಡ್ರ ಅದರ ಮಾತ ಬ್ಯಾರೆ." ಪುಸ್ತಕವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಬಸ್ಸಿಗೆ ಹೋದಳು.

ಅಂದು ಸಂಜೆ ಮನೆಗೆ ಹೋದವನು ಎಂದಿನಂತೆ ಹಿತ್ತಲಲ್ಲಿ ನಿಂತು, ಹೆಂಡತಿ ಇಟ್ಟಿದ್ದ ಬಿಸಿನೀರು ಸುರಿದುಕೊಂಡು, ದವಾಖಾನೆಯ ಬಟ್ಟೆಗಳನ್ನು ಬೇರೆ ಬುಟ್ಟಿಗೆ ಹಾಕಿ ಒಳಗೆ ಬಂದೆ. ನಡೆದದ್ದನ್ನೆಲ್ಲ ಹೇಳಿ, ಎಂಥ ಉದ್ಧಟ ಹುಡುಗಿ ನೋಡು ಎಂದೆ. ಹೆಂಡತಿ ಜೋಳ ಹಸನು ಮಾಡುತ್ತ ಕೂತಿದ್ದಳು; ಮೊರದಿಂದ ಕಣ್ಣೆತ್ತಲಿಲ್ಲ.

"ಹನ್ನೊಂದು ವರ್ಷ ಆತು, ನೀವು ಮೈ ತೊಳಕೊಳ್ಳೋ ತನಕ ಮಕ್ಕಳ್ನ ಮುಟ್ಟಿಲ್ಲ. ಸಣ್ಣಾಕಿ ಅಳಾಕತ್ರೂ ಎತ್ತಿಕೊಂಡಿಲ್ಲ. ಯಾಕ ಅಂತ ನಾ ಎಂದಾದ್ರೂ ಕೇಳೇನೇನು?"

"ಅದು ಜಾಗ್ರತಿ."

"ಜಾಗ್ರತಿ ಅಂತನ ತಿಳಕೊಂಡು ದಿನಾ ನೀರು ಕಾಸೇನಿ. ಆದ್ರ ಆ ಹುಡುಗಿ ಬರದಿದ್ದು ಸುಳ್ಳೇನ್ರಿ?"

ಆ ರಾತ್ರಿ ಊಟಕ್ಕೆ ಕೂತೆ. ನನ್ನ ಕಣ್ಣಮುಂದೆ ಕಪ್ಪಿನ ತಳದ ಆ ಹಸಿರು ಬೊಟ್ಟು ಬಂತು. ಅದನ್ನು ಹಚ್ಚಿದವನನ್ನು ನಾನು ಕೆಟ್ಟವನೆಂದೇ ಇಷ್ಟು ವರ್ಷ ತಿಳಿದಿದ್ದೆ. ಅವನಿಗೂ ಮನೆಯಲ್ಲಿ ಸಣ್ಣ ಮಕ್ಕಳಿದ್ದರು ಎಂಬುದು ಅಂದೇ ಮೊದಲ ಸಲ ನೆನಪಾಯಿತು. ನಾನು ಬಣ್ಣ ಹಚ್ಚಿರಲಿಲ್ಲ, ಬೆಂಚು ಅಡ್ಡ ಇಡಿಸಿದ್ದೆ. ಅವನು ಮುಚ್ಚಿಟ್ಟು ಮಾಡಿದ್ದನ್ನು ನಾನು ಹೆಸರು, ವಿಳಾಸ ಬರೆದು ಅಂಚೆಗೆ ಹಾಕಿದ್ದೆ. ಪ್ರತಿಯೊಂದನ್ನೂ ಎಣಿಸಿ ಇಡುವ ನಾನು, ನನ್ನ ಪೋಸ್ಟ್ ಕಾರ್ಡು ಹೋದ ಮೇಲೆ ಎಷ್ಟು ಮನೆಗಳ ಮಜ್ಜಿಗೆ ಉಳಿಯಿತು ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಸೋಮವಾರ ಮುಂಜಾನೆ ಬಸ್ ನಿಲ್ದಾಣಕ್ಕೆ ಹೋದೆ. ಅವಳು ಆಗಲೇ ಬಂದು ನಿಂತಿದ್ದಳು. ನನ್ನನ್ನು ನೋಡಿ ಎರಡು ಸೀಟು ಹಿಡಿದಳು. ದವಾಖಾನೆಯ ಚೀಲ, ಕಾರ್ಡು, ಏನನ್ನೂ ತರಬಾರದೆಂದು ಅವಳಿಗೂ ಹೊಳೆದಿತ್ತು, ನನಗೂ ಹೊಳೆದಿತ್ತು. ವರದಿ ಪುಸ್ತಕವನ್ನು ಮಾತ್ರ ತಿರುಗಿ ಕೊಡಬೇಕೆಂದು ಒಯ್ದಿದ್ದೆ.

"ಸರ್, ನಿಮ್ಮನ್ನ ಕೇಳದೆ ನಾವು ಅಂದೆ. ಅದು ತಪ್ಪಾತು" ಎಂದಳು ದಾರಿಯಲ್ಲಿ. "ಅದನ್ನೂ ಬರದೇನ್ರಿ. ನೀವು ಹಾಳಿ ಹೊಳ್ಳಿಸಿ ನೋಡ್ಲಿಲ್ಲ."

ಹೊಳ್ಳಿಸಿ ನೋಡಿರಲಿಲ್ಲ. ಕೊನೆಯ ಸಾಲಿನ ತನಕ ಓದದೆ ಯಾವ ಕಾಗದಕ್ಕೂ ಕೈ ಹಚ್ಚದವನು ನಾನು, ಆ ಶುಕ್ರವಾರ ಎರಡು ವಾಕ್ಯಕ್ಕೆ ನಿಂತುಬಿಟ್ಟಿದ್ದೆ. ಬಸ್ಸಿನ ಕುಲುಕಾಟದಲ್ಲಿ ಕನ್ನಡಕ ಹಾಕಿಕೊಂಡು ಮರುಪುಟ ಓದಿದೆ. "ಅವರನ್ನು ಕೇಳದೆ ಮಾತು ಕೊಟ್ಟದ್ದು ನನ್ನ ತಪ್ಪು. ಆ ತಾಯಿಯ ಜೊತೆ ಒಂದೇ ಡಬ್ಬಿಯಲ್ಲಿ ಉಣ್ಣುವಾಗ ನನಗೂ ಭಯವಾಗಿತ್ತು. ಅದರಿಂದಲೇ ಅವರ ಭಯ ನನಗೆ ಗುರುತು ಸಿಕ್ಕಿತು. ಅವರು ಹನ್ನೊಂದು ವರ್ಷ ದಿನಾಲೂ ಅದೇ ಭಯದಲ್ಲಿ ಕೆಲಸಕ್ಕೆ ಬಂದಿದ್ದಾರೆ. ನಾನಾಗಿದ್ದರೆ ಬಿಟ್ಟು ಹೋಗುತ್ತಿದ್ದೆನೇನೋ."

ನಾನು ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡಿದೆ. ಬಿಳಿಜೋಳ ಎದೆಯ ಮಟ್ಟಕ್ಕೆ ಬೆಳೆದು ನಿಂತಿತ್ತು, ಅಂಚಿನಲ್ಲಿ ಕುಸುಬೆ. ಎತ್ತಿನ ಬಂಡಿಗಳು ಹೊಲದ ಕಡೆ ಹೊರಟಿದ್ದವು.

ಆ ಮನೆಯವರ ಹೊಲ ಹಳ್ಳದ ದಂಡೆಗಿತ್ತು. ಸುತ್ತಲಿನ ಹೊಲಗಳಲ್ಲೆಲ್ಲ ಹತ್ತು ಹದಿನೈದು ಜನ ಗುಂಪುಗೂಡಿದ್ದರೆ, ಇಲ್ಲಿ ಬನ್ನಿಗಿಡದ ಕೆಳಗೆ ಅತ್ತೆ, ಮಗ, ಸೊಸೆ ಮೂವರೇ ಇದ್ದರು. ಸೊಸೆ ಸೊರಗಿದ್ದಳು. ನನ್ನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದಳು. ಕೆಮ್ಮಿದರೆ ಬಾಯಿಗೆ ಬಟ್ಟೆ ಹಿಡಿಯಬೇಕೆಂದು ನಾನೇ ಕಲಿಸಿದ್ದೆ. ಇಲ್ಲಿ ಕೆಮ್ಮದೆಯೇ, ನನ್ನನ್ನು ಕಂಡದ್ದಕ್ಕೆ ಅದನ್ನು ಮಾಡಿದ್ದಳು.

ವಿದ್ಯಾರ್ಥಿನಿ ಹೋಗಿ ಅವಳ ಪಕ್ಕದಲ್ಲೇ ಕೂತಳು. "ಏನ್ ಮಾಡೀರಿ ಅಕ್ಕಾ, ಭಜ್ಜಿ ಹಳದಿ ಹಳದಿ ಕಾಣ್ತದ. ಎಷ್ಟ್ ಥರದ ಕಾಳ ಹಾಕೀರಿ?"

"ಸಿಕ್ಕದ್ದೆಲ್ಲಾ ಹಾಕೇನ್ರಿ" ಎಂದಳು ಸೊಸೆ, ನೆಲ ನೋಡುತ್ತ.

ಎಲೆ ಹಾಕಿದರು. ಸಜ್ಜೆಯ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ, ಬಟ್ಟಲಲ್ಲಿ ಅಂಬಲಿ. ಅತ್ತೆ ನೀಡಲು ಬಂದಾಗ ನಾನು ಕೈ ಅಡ್ಡ ಹಿಡಿದು, "ಸೊಸಿ ನೀಡ್ಲಿ" ಎಂದೆ. ಸೊಸೆ ನೀಡಿದಳು. ಪಕ್ಕದ ಹೊಲದಲ್ಲಿ ಮಾತು ನಿಂತದ್ದು ನನಗೆ ಕೇಳಿಸಿತು. ತುತ್ತು ಬಾಯಿಗೆ ಹೋಗುವಾಗ, ಇದರಿಂದ ಹರಡುವುದಿಲ್ಲವೆಂದು ಸಾವಿರ ಸಲ ಹೇಳಿದ ಅದೇ ಬಾಯಿ ಒಣಗಿತ್ತು. ನುಂಗಿದೆ. ಎರಡನೆಯ ತುತ್ತು ಅಷ್ಟು ಕಷ್ಟವಾಗಲಿಲ್ಲ. ಅಂಬಲಿಯ ಬಟ್ಟಲನ್ನು ಎತ್ತಿ ಪೂರ್ತಿ ಕುಡಿದೆ.

ಬದುವಿನ ಮೇಲಿಂದ ರುಮಾಲಿನ ಒಬ್ಬ ಮುದುಕ ಕೂಗಿದ: "ಯಾರ್ರಿ, ದವಾಖಾನಿ ಸಾಹೇಬ್ರೇನು? ಭಜ್ಜಿ ಹ್ಯಾಂಗದ?"

"ಉಪ್ಪು ಕಮ್ಮಿ ಆಗ್ಯಾದ" ಎಂದೆ. ಆಗಿತ್ತು, ಅದಕ್ಕೆ ಹೇಳಿದೆ.

ಸೊಸೆ ಫಕ್ಕನೆ ನಕ್ಕಳು. ಅತ್ತೆ, "ಉಪ್ಪು ಅಂಗಡ್ಯಾಂವನ ಕಡೆ ಇರ್ತದ್ರಿ, ಅಲ್ಲಿಗಿ ಹೋಗೋದು ಬಿಟ್ಟು ತೋಲ ದಿನ ಆತು" ಎಂದಳು, ಆ ಮುದುಕನಿಗೆ ಕೇಳುವಂತೆ. ಮುದುಕ ಬದು ಇಳಿದು ಬಂದು, ನಮ್ಮಿಂದ ಎರಡು ಮಾರು ದೂರ ಕೂತು, "ಒಂದು ತುಕುಡಿ ರೊಟ್ಟಿ ಕೊಡವ್ವಾ, ನೋಡೂನು" ಎಂದ. ತಿಂದು, ಮೀಸೆ ಒರೆಸಿಕೊಂಡು, "ಉಪ್ಪು ಕಮ್ಮಿನೇ ಆಗ್ಯಾದ" ಎಂದು ಎದ್ದು ಹೋದ. ಮತ್ತೆ ಯಾರೂ ಬರಲಿಲ್ಲ. ಅಂದಿಗೆ ಅಷ್ಟೇ.

ಹೊರಡುವಾಗ ಸೊಸೆಯ ಹತ್ತಿರ ಹೋಗಿ, ಪೋಸ್ಟ್ ಕಾರ್ಡು ಬರೆದದ್ದು ನನ್ನ ತಪ್ಪು ಎಂದೆ. ನೌಕರಿಯಲ್ಲಿ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳು ಕೇಳಿದಳು: "ಗುಳಿಗಿ ಮತ್ತ ಮೊದಲಿಂದ ಸುರು ಮಾಡಬೇಕೇನ್ರಿ?"

"ಮಾಡಬೇಕವ್ವಾ. ಪೂರಾ ಒಂದೂವರೆ ವರ್ಷ."

ಬರುತ್ತೇನೆಂದು ಅವಳು ಹೇಳಲಿಲ್ಲ. ಎಲೆಗಳನ್ನು ಎತ್ತತೊಡಗಿದಳು.

ಆ ವಿದ್ಯಾರ್ಥಿನಿಗೆ ತಿಳಿದಿದ್ದದ್ದಕ್ಕೆ ಈಗ ಭಾವನಾತ್ಮಕ ಬುದ್ಧಿಮತ್ತೆ ಎಂದು ಹೆಸರಿಟ್ಟು ಕಾಲೇಜುಗಳಲ್ಲಿ ಪಾಠ ಮಾಡುತ್ತಾರಂತೆ. ಮಾಡಲಿ. ಆದರೆ ಅದನ್ನು ಕಲಿಯಲು ಯಾರಾದರೂ ನಿಮ್ಮ ಕಣ್ಣೆದುರಿಗೆ ನಿಮ್ಮ ಬಗ್ಗೆ ಬರೆಯಬೇಕಾಗುತ್ತದೆ, ಅದು ಸುಖದ ಕೆಲಸವಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಪೋಸ್ಟ್ ಕಾರ್ಡಿನಲ್ಲಿ ರೋಗದ ಹೆಸರು ಬರೆಯಲಿಲ್ಲ. ಮೊದಲ ದಿನವೇ ಪ್ರತಿ ರೋಗಿಯನ್ನು ಕೂರಿಸಿ, ನೀವು ಬಾರದಿದ್ದರೆ ಏನು ಬರೆಯಲಿ ಎಂದು ಕೇಳಿ ಕಾರ್ಡಿನ ಹಿಂದೆ ಗುರುತು ಹಾಕಿಕೊಳ್ಳುತ್ತಿದ್ದೆ. ಒಬ್ಬ "ಬೀಜ ಬಂದಾವ, ಒಯ್ಯಿರಿ ಅಂತ ಬರೀರಿ" ಎಂದ. ಒಬ್ಬಳು "ಕುಬಸ ಹೊಲಿದು ಆಗ್ಯಾದ, ಒಯ್ಯಿರಿ ಅಂತ ಬರೀರಿ" ಎಂದಳು. ತಪಾಸಣೆಯವರು ಇದನ್ನು ನಿಯಮಬಾಹಿರ ಎಂದು ಬರೆದರು. ಬರೆದವರ ಹೆಸರು ನನಗೆ ನೆನಪಿದೆ.

ಹೊಲದಲ್ಲಿ ಉಂಡು ಬಂದ ಆ ವಾರದ ಬುಧವಾರ ಮುಂಜಾನೆ ನಾನೇ ಬೆಂಚನ್ನು ಎಳೆದು ಗೋಡೆಗೆ ಹಚ್ಚಿದೆ. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ವಿದ್ಯಾರ್ಥಿನಿ ಬಾಗಿಲ ಕಡೆಗೇ ನೋಡುತ್ತಿದ್ದಳು. ಹನ್ನೊಂದೂವರೆಯ ಬಸ್ಸು ಬಂದ ಮೇಲೆ ಅತ್ತೆ ಮುಂದೆ, ಸೊಸೆ ಹಿಂದೆ ಒಳಗೆ ಬಂದರು. ವೈದ್ಯರು ನೋಡಿ ಬರೆದುಕೊಟ್ಟರು. ನಾನು ಹೊಸ ಕಾರ್ಡು ಮಾಡಿ, ಗುಳಿಗೆ ಎಣಿಸಿ ಕೊಟ್ಟು, ಮಸಿಯ ಡಬ್ಬಿ ತೆರೆದೆ. ಫೂಟುಪಟ್ಟಿ ಕೈಗೆಟುಕುವಂತೆಯೇ ಇತ್ತು. ಅದನ್ನು ಮುಟ್ಟದೆ ಅವಳ ಹೆಬ್ಬೆರಳನ್ನು ಹಿಡಿದು, ಮಸಿಯಲ್ಲಿ ಹೊರಳಿಸಿ, ಕಾರ್ಡಿಗೆ ಒತ್ತಿದೆ. ಗೆರೆಗೆರೆಯೂ ಮೂಡಿತ್ತು.

ವರದಿ ಪುಸ್ತಕದ ಬಾಕಿ ಪುಟಕ್ಕೆ, ಆ ಎರಡು ವಾಕ್ಯಗಳ ಕೆಳಗೆ, ಸಹಿ ಹಾಕಿದೆ. ಅವಳು ಪುಸ್ತಕ ತೆಗೆದುಕೊಂಡು ಹೊಸ ಪುಟ ತೆರೆದಳು. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಂತೆ ನಾನು ಹೇಳಿದೆ: "ಇದನ್ನ ಬರೀಬ್ಯಾಡ."

"ಬರೀತೇನ್ರಿ ಸರ್" ಎಂದಳು.